ರಾತ್ರಿಯ ಊರನ್ನು ಅಳೆಯುವುದು ಹೇಗೆ?

ನಗರವೊಂದರ ರಾತ್ರಿ ಬದುಕು ಹೇಗಿದೆ ಎಂಬ ಪ್ರಶ್ನೆಗೆ ನಮ್ಮ ಕಾಲ ಒಂದು ಸಿದ್ಧ ಉತ್ತರವನ್ನು ಇಟ್ಟುಕೊಂಡಿದೆ. ಹೋಟೆಲು, ಬಾರು, ಮಾಲ್‌ಗಳು ಎಷ್ಟು ಹೊತ್ತಿನವರೆಗೆ ತೆರೆದಿರುತ್ತವೆ ಎಂದು ಎಣಿಸಿದರೆ ಮುಗಿಯಿತು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರವು ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆಯೂ ವ್ಯಾಪಾರ ನಡೆಸಬಹುದೆಂದು ಆದೇಶಿಸಿತು. ಈ ಲೆಕ್ಕದಲ್ಲಿ ರಾತ್ರಿಯೆಂದರೆ ಹಗಲಿನ ವ್ಯಾಪಾರದ ಮುಂದುವರಿಕೆ ಮಾತ್ರ.

ಆದರೆ ತುಂಗಾ ಅಣೆಕಟ್ಟಿನ ಮಗ್ಗುಲಲ್ಲಿರುವ ಗಾಜನೂರಿನಂತಹ ಊರಿನಿಂದ ನೋಡಿದರೆ ಶಿವಮೊಗ್ಗದ ರಾತ್ರಿ ಬೇರೆಯಾಗಿಯೇ ಕಾಣುತ್ತದೆ. ತೀರ್ಥಹಳ್ಳಿ ರಸ್ತೆಯ ಹಳ್ಳಿಗಳವರು ಅಪರಾತ್ರಿಯಲ್ಲಿ ನಗರಕ್ಕೆ ಓಡಿಬರುವುದು ಮೋಜಿಗಲ್ಲ. ಹೆರಿಗೆ ನೋವು ಕಾಣಿಸಿಕೊಂಡವಳನ್ನು ಮೆಗ್ಗಾನ್ ಆಸ್ಪತ್ರೆಗೆ ತರಲು, ದೂರದ ಬಸ್ಸು ಹಿಡಿಯಲು, ಬೆಳಗಿನ ಜಾವದ ಮಾರುಕಟ್ಟೆಗೆ ತರಕಾರಿ ತಲುಪಿಸಲು ಅವರು ಬರುತ್ತಾರೆ. ರಾತ್ರಿಯ ನಗರವನ್ನು ಅಳೆಯುವ ಹಕ್ಕು ಇವರಿಗೂ ಇದೆಯಲ್ಲವೇ? ಇತಿಹಾಸವನ್ನು ಕೇಳಿದರೆ, ಮೊದಲ ಹಕ್ಕು ಇವರದೇ ಎಂಬ ಉತ್ತರ ಸಿಗುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ಕೊಟ್ಟವರು ಮೈಸೂರಿನ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು. ಅವರು ತಾಳೆಗರಿಯ ಪ್ರತಿಯಿಂದ ಸಂಪಾದಿಸಿದ ಈ ಗ್ರಂಥ 1909ರಲ್ಲಿ ಅಚ್ಚಾಯಿತು. ಅದರಲ್ಲಿ ನಗರಾಡಳಿತದ ಅಧ್ಯಾಯವೊಂದಿದೆ. ರಾತ್ರಿ ವಾದ್ಯದ ಸದ್ದು ಕೇಳಿದ ಮೇಲೆ ಬೀದಿಯಲ್ಲಿ ತಿರುಗುವವರಿಗೆ ದಂಡ ಎಂದು ಅದು ವಿಧಿಸುತ್ತದೆ. ಇಂದಿನ ಭಾಷೆಯಲ್ಲಿ ಅದು ಕರ್ಫ್ಯೂ. ನಮಗೆ ಮುಖ್ಯವಾಗುವುದು ಅದರ ವಿನಾಯಿತಿಯ ಪಟ್ಟಿ. ಹೆರಿಗೆಯ ನಿಮಿತ್ತ ಹೊರಟವರು, ವೈದ್ಯರಿಗಾಗಿ ಹೊರಟವರು, ಸಾವಿನ ಕಾರ್ಯಕ್ಕೆ ಹೊರಟವರು, ಕೈಯಲ್ಲಿ ದೀಪ ಹಿಡಿದವರು, ಬೆಂಕಿ ಆರಿಸಲು ಓಡುವವರು, ಆಟ ನೋಡಲು ಹೊರಟವರು, ಮುದ್ರೆಯ ಪರವಾನಗಿ ಉಳ್ಳವರು—ಇವರನ್ನು ಹಿಡಿಯುವಂತಿಲ್ಲ. ನಾಟಕ ನೋಡುವ ಖುಷಿಗೂ ಅಲ್ಲಿ ಜಾಗವಿದೆ. ಆದರೆ ಅದು ಬಸುರಿ ಹೆಂಗಸಿನ ಪಕ್ಕದಲ್ಲಿ ನಿಂತಿದೆ.

ಇನ್ನೂ ಗಮನಾರ್ಹವಾದ ನಿಯಮವೊಂದಿದೆ. ತಡೆಯಬಾರದವರನ್ನು ತಡೆದ, ತಡೆಯಬೇಕಾದವರನ್ನು ಬಿಟ್ಟ ಕಾವಲುಗಾರರಿಗೆ ಇಮ್ಮಡಿ ದಂಡ. ಹೆಣ್ಣಿನ ಮೇಲೆ ಕೈಮಾಡಿದ ಕಾವಲುಗಾರರಿಗೂ ಶಿಕ್ಷೆಯಿದೆ. ಆದರೆ ಇಲ್ಲೇ ಆ ಕಾಲದ ಮಿತಿಯೂ ಕಾಣುತ್ತದೆ. ಆಕೆ ದಾಸಿಯಾಗಿದ್ದರೆ ಶಿಕ್ಷೆ ಕಡಿಮೆ, ಕುಲಸ್ತ್ರೀಯಾಗಿದ್ದರೆ ಮರಣದಂಡನೆ. ರಾತ್ರಿಯ ರಕ್ಷಣೆಯಲ್ಲೂ ಅಂತಸ್ತಿನ ತಾರತಮ್ಯ ಕೆಲಸ ಮಾಡಿತ್ತು.

ಆಳುವವರು ರಾತ್ರಿಯಲ್ಲಿ ತಾವೇ ಬೀದಿಗಿಳಿದು ನೋಡಿದ ನೆನಪು ಹಲವು ಪರಂಪರೆಗಳಲ್ಲಿದೆ. ಮಾರುವೇಷದ ಅರಸರ ಕತೆಗಳನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ದ್ವಿತೀಯ ಖಲೀಫಾ ಉಮರ್ (ರ) ಅವರ ಕುರಿತು ಇತಿಹಾಸಕಾರ ತಬರಿ ದಾಖಲಿಸಿದ ಘಟನೆ ಪ್ರಸಿದ್ಧವಾದುದು. ಮದೀನಾದ ಹೊರವಲಯದಲ್ಲಿ ರಾತ್ರಿ ಹೊತ್ತು ತಿರುಗುತ್ತಿದ್ದ ಅವರಿಗೆ ಒಲೆಯ ಮೇಲೆ ಬರೀ ನೀರು ಕುದಿಸುತ್ತಾ ಹಸಿದ ಮಕ್ಕಳನ್ನು ಸಂತೈಸುತ್ತಿದ್ದ ತಾಯಿಯೊಬ್ಬಳು ಕಂಡಳು. ಅವರು ಉಗ್ರಾಣದಿಂದ ಹಿಟ್ಟಿನ ಮೂಟೆಯನ್ನು ತಮ್ಮ ಬೆನ್ನ ಮೇಲೆಯೇ ಹೊತ್ತು ತಂದರು. ಹಗಲಿನ ದರ್ಬಾರಿಗೆ ಬಾರದ ದೂರು ರಾತ್ರಿಯ ಬೀದಿಯಲ್ಲಿ ತಾನಾಗಿಯೇ ಸಿಕ್ಕಿತು. ರಾಜಧಾನಿಯ ನಿಜವಾದ ಸ್ಥಿತಿ ಗೊತ್ತಾಗುವುದು ದೀಪ ಆರಿದ ಮೇಲೆ ಎಂಬುದೇ ಈ ಘಟನೆಯ ಪಾಠ.

ನಮ್ಮ ನಾಡಿಗೇ ಬಂದರೆ, 1443ರಲ್ಲಿ ವಿಜಯನಗರಕ್ಕೆ ರಾಯಭಾರಿಯಾಗಿ ಬಂದ ಅಬ್ದುರ್ ರಝಾಕ್ ಅಲ್ಲಿನ ಕಾವಲು ವ್ಯವಸ್ಥೆಯ ಬಗ್ಗೆ ಬರೆದಿದ್ದಾನೆ. ಏಳು ಕೋಟೆಗಳೊಳಗೆ ನಡೆಯುವುದನ್ನೆಲ್ಲ ತಿಳಿದಿರುವುದು, ಕಳವಾದ ವಸ್ತುವನ್ನು ಹುಡುಕಿಕೊಡುವುದು ಕಾವಲುಗಾರರ ಹೊಣೆ. ತಪ್ಪಿದರೆ ಅವರೇ ದಂಡ ತೆರಬೇಕು. ಆದರೆ ಅವನೇ ಹೇಳುವಂತೆ, ಹನ್ನೆರಡು ಸಾವಿರ ಕಾವಲುಗಾರರ ಸಂಬಳ ಬರುತ್ತಿದ್ದುದು ವೇಶ್ಯಾಗೃಹಗಳ ತೆರಿಗೆಯಿಂದ. ಒಂದೆಡೆ ರಾತ್ರಿಯನ್ನು ಕಾಯುವ ಶಿಸ್ತು, ಇನ್ನೊಂದೆಡೆ ಹೆಣ್ಣಿನ ದೇಹದಿಂದ ಬಂದ ಹಣ. ರಾತ್ರಿಯ ಆದಾಯ ಎಲ್ಲಿಂದ ಬರುತ್ತದೆ ಎಂದು ಕೇಳದೆ ಅದರ ವೈಭವವನ್ನು ಹೊಗಳುವುದು ಅಂದೂ ಸುಲಭವಾಗಿತ್ತು, ಇಂದೂ ಸುಲಭ.

ಆಧುನಿಕ ಕಾಲದಲ್ಲಿ ಮಲೆನಾಡಿನ ಅಂಚಿಗೆ ಹೊಸ ಬಗೆಯ ರಾತ್ರಿಯನ್ನು ತಂದದ್ದು ಭದ್ರಾವತಿ. ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ಕಟ್ಟಿ ನಿಲ್ಲಿಸಿದರು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು ಇಲ್ಲಿ ಸೇರಿದವು. ಊದುಕುಲುಮೆಗೆ ರಾತ್ರಿ ಎಂಬುದಿಲ್ಲ. ಅದು ತಣಿದರೆ ಕರಗಿದ ಕಬ್ಬಿಣ ಒಳಗೇ ಗಟ್ಟಿಯಾಗುತ್ತದೆ. ಹೀಗಾಗಿ ಊರು ಪಾಳಿಗಳಲ್ಲಿ ಬದುಕುವುದನ್ನು ಕಲಿಯಿತು. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯೂ ಆ ಲಯಕ್ಕೆ ಸೇರಿಕೊಂಡಿತು.

ನಡುರಾತ್ರಿಯಲ್ಲಿ ನಡೆದುಹೋಗುವವನನ್ನು ಕಳ್ಳನೆಂದು ಶಂಕಿಸದ ಊರು ಹುಟ್ಟುವುದು ಹೀಗೆ. ಪಾಳಿಗೆ ಹೊರಟವನು, ಪಾಳಿ ಮುಗಿಸಿ ಬಂದವನು, ಅವರಿಗೆ ಚಹಾ ಮಾರುವವನು—ಎಲ್ಲರಿಗೂ ಹೊತ್ತಲ್ಲದ ಹೊತ್ತಿನಲ್ಲಿ ಬೀದಿಯಲ್ಲಿರಲು ಕಾರಣವಿತ್ತು. ನಾನಾ ಕಡೆಗಳಿಂದ ಬಂದ ಬೇರೆ ಬೇರೆ ಧರ್ಮ, ಜಾತಿ, ಭಾಷೆಗಳ ಕಾರ್ಮಿಕರು ಒಂದೇ ಕುಲುಮೆಯ ಮುಂದೆ ಬೆವರು ಸುರಿಸಿದರು. ಆದರೆ ಈ ರಾತ್ರಿಯೂ ಅರ್ಧ ಮಾತ್ರ. 1948ರ ಕಾರ್ಖಾನೆಗಳ ಕಾಯ್ದೆಯು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಮಹಿಳೆಯರ ದುಡಿಮೆಯನ್ನು ನಿಷೇಧಿಸಿತ್ತು. ಅದರ ಉದ್ದೇಶ ರಕ್ಷಣೆಯೇ ಆಗಿದ್ದರೂ, ರಾತ್ರಿ ಗಂಡಸರದು ಎಂಬ ತಿಳಿವಳಿಕೆಯನ್ನು ಅದು ಗಟ್ಟಿಗೊಳಿಸಿತು. ಮುಂದೆ ಕರ್ನಾಟಕದಲ್ಲಿ ಆ ನಿರ್ಬಂಧ ಸಡಿಲವಾಯಿತು. ಆದರೆ ಪಾಳಿ ಮುಗಿಸಿದ ಹೆಣ್ಣುಮಗಳು ಮನೆ ತಲುಪುವ ದಾರಿ ಕಾನೂನಿನ ತಿದ್ದುಪಡಿಯೊಂದರಿಂದಲೇ ಸುರಕ್ಷಿತವಾಗುವುದಿಲ್ಲ.

ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದು ಹೋರಾಡಿದರು. ದುಡಿಮೆ ಹೋದರೆ ಕಾರ್ಖಾನೆಯೂರಿನ ರಾತ್ರಿಯೂ ಹೋಗುತ್ತದೆ. ಯಾವ ಬಾರಿನ ಅವಧಿ ವಿಸ್ತರಣೆಯೂ ಅದನ್ನು ಮರಳಿ ತರಲಾರದು.

ಶಿವಮೊಗ್ಗಕ್ಕೆ ಬೇರೊಂದು ಬಗೆಯ ಕತ್ತಲೆ ಕವಿದದ್ದನ್ನೂ ನಾವು ಕಂಡಿದ್ದೇವೆ. 2022ರ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ, 2023ರ ಅಕ್ಟೋಬರ್‌ನಲ್ಲಿ ಕೋಮು ಉದ್ವೇಗದ ಕಾರಣ ನಿಷೇಧಾಜ್ಞೆ ಜಾರಿಯಾಯಿತು. ಜೀವ ಉಳಿಸಲು ಇಂತಹ ಆಜ್ಞೆ ಕೆಲವೊಮ್ಮೆ ಅನಿವಾರ್ಯವಾಗಬಹುದು. ಆದರೆ ಅದರ ಬೆಲೆಯನ್ನು ಮೊದಲು ತೆರುವವರು ತಳ್ಳುಗಾಡಿಯವರು, ಆಟೋದವರು, ದಿನಗೂಲಿಯವರು. ಅವರ ಹೆಸರು ಯಾವುದಿದ್ದರೂ ಹಸಿವು ಒಂದೇ. ಕಲ್ಲೆಸೆದವನು ಒಂದು ಸಮುದಾಯವನ್ನು ಗಾಯಗೊಳಿಸಿದೆನೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಅವನು ತನ್ನದೇ ಊರಿನ ರಾತ್ರಿಯನ್ನು ಎಲ್ಲರಿಂದ, ತನ್ನ ಮನೆಯವರಿಂದಲೂ ಕಸಿದುಕೊಳ್ಳುತ್ತಾನೆ. ಒಮ್ಮೆ ಮೂಡಿದ ಭಯ ಆಜ್ಞೆ ತೆರವಾದ ದಿನವೇ ಹೋಗಿಬಿಡುವುದಿಲ್ಲ. ಇನ್ನೊಬ್ಬರ ಬೀದಿಯನ್ನು ಬಳಸಿ ಸುತ್ತುಹಾಕಿ ಮನೆಗೆ ಹೋಗುವ ಅಭ್ಯಾಸವಾಗಿ ಅದು ಉಳಿದುಕೊಳ್ಳುತ್ತದೆ.

ರಮಝಾನಿನ ರಾತ್ರಿ ಅಂಗಡಿಗಳಿರಲಿ, ಬೆಳಗಾಗುವವರೆಗೂ ನಡೆಯುವ ಯಕ್ಷಗಾನವಿರಲಿ, ಗಣೇಶನ ಮೆರವಣಿಗೆಯಿರಲಿ, ರಾತ್ರಿಯ ಸಂತೋಷಗಳು ನಮಗೆ ಬೇಕು. ಅವುಗಳ ಗುಣಮಟ್ಟ ತಿಳಿಯಲು ದೀಪಗಳನ್ನು ಎಣಿಸಬೇಕಿಲ್ಲ. ಪಕ್ಕದ ಮೊಹಲ್ಲಾದ ಹುಡುಗ ಅಲ್ಲಿಗೆ ಹೆದರದೆ ಬಂದನೇ, ಹೆಣ್ಣುಮಗಳು ಒಬ್ಬಳೇ ಮನೆಗೆ ಮರಳಿದಳೇ, ಗಾಜನೂರಿನಿಂದ ಹೊರಟ ಬಸುರಿ ತಡೆಯಿಲ್ಲದೆ ಆಸ್ಪತ್ರೆ ಸೇರಿದಳೇ ಎಂದು ಕೇಳಿದರೆ ಸಾಕು. ತಡೆಯಬಾರದವರನ್ನು ತಡೆದ ಕಾವಲುಗಾರನಿಗೆ ಹಳೆಯ ಶಾಸ್ತ್ರ ದಂಡ ವಿಧಿಸಿತ್ತು. ಭಯದಿಂದ ಅವರನ್ನು ತಡೆಯುವ ಊರಿಗೆ ದಂಡ ಹಾಕುವವರು ಯಾರೂ ಇಲ್ಲ. ಅದರ ಲೆಕ್ಕವನ್ನು ಊರಿನವರೇ ಒಪ್ಪಿಸಬೇಕಾಗಿದೆ.