ಅವಧಿಪೂರ್ವ ಹೆರಿಗೆ: ಅಮೆರಿಕದ ಕಪ್ಪು ವರ್ಣೀಯ ತಾಯಂದಿರಲ್ಲೇ ಏಕೆ ಹೆಚ್ಚು?

ಗರ್ಭಾವಸ್ಥೆಯ 37 ವಾರ ತುಂಬುವ ಮೊದಲೇ ಮಗು ಹುಟ್ಟಿದರೆ ಅದು ಅವಧಿಪೂರ್ವ ಹೆರಿಗೆ. ಅಮೆರಿಕದಲ್ಲಿ 2022ರಲ್ಲಿ ಕಪ್ಪು ವರ್ಣೀಯ ಮಹಿಳೆಯರಲ್ಲಿ ಇದರ ಪ್ರಮಾಣ ಶೇ 14.6, ಬಿಳಿಯರಲ್ಲಿ ಶೇ 9.4. ಓದು, ಆದಾಯ ಚೆನ್ನಾಗಿರುವ ಕಪ್ಪು ಮಹಿಳೆಯರಲ್ಲೂ ಈ ಅಂತರ ಮುಚ್ಚಿಲ್ಲ ಎಂಬುದೇ ವೈದ್ಯರಿಗೆ ಒಗಟು.

ಸಹಜ ಹೆರಿಗೆಯಲ್ಲೂ ಉರಿಯೂತದ ಪಾತ್ರವಿದೆ. ಆದರೆ ಯೋನಿಯಲ್ಲಿನ ಬ್ಯಾಕ್ಟೀರಿಯಾ ಗರ್ಭಕೋಶದತ್ತ ಏರಿದರೆ ಅದು ಅಕಾಲದಲ್ಲೇ ಶುರುವಾಗುತ್ತದೆ. ರೋಗನಿರೋಧಕ ಕಣಗಳು ಇಂಟರ್‌ಲ್ಯೂಕಿನ್-6, ಟಿಎನ್‌ಎಫ್‌ನಂಥ ಪ್ರೋಟೀನ್‌ಗಳನ್ನು ಬಿಡುಗಡೆ ಮಾಡುತ್ತವೆ. ಇದರಿಂದ ಪ್ರೊಸ್ಟಗ್ಲಾಂಡಿನ್ ಹೆಚ್ಚಿ ಗರ್ಭಕಂಠ ಮೆದುವಾಗುತ್ತದೆ, ನೋವು ಕಾಣಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ ಎಂಬ ಸಮಸ್ಯೆ ಅಲ್ಲಿನ ಕಪ್ಪು ಮಹಿಳೆಯರಲ್ಲಿ ಹೆಚ್ಚು. ಜೊತೆಗೆ ಟಿಎನ್‌ಎಫ್ ಜೀನ್‌ನ ಒಂದು ರೂಪಾಂತರವೂ ಇದ್ದರೆ ಅಪಾಯ ಇನ್ನಷ್ಟು ಏರುತ್ತದೆ ಎಂದು 2004ರ ಅಧ್ಯಯನವೊಂದು ಹೇಳಿತ್ತು. ವಿಚಿತ್ರವೆಂದರೆ, ಆ್ಯಂಟಿಬಯಾಟಿಕ್ ಕೊಟ್ಟು ಆ ಸಮಸ್ಯೆ ವಾಸಿ ಮಾಡಿದರೂ ಬಹುತೇಕ ಪ್ರಯೋಗಗಳಲ್ಲಿ ಅವಧಿಪೂರ್ವ ಹೆರಿಗೆ ಕಡಿಮೆಯಾಗಲಿಲ್ಲ.

ಎಲ್ಲವನ್ನೂ ಜೀನ್‌ಗಳ ತಲೆಗೆ ಕಟ್ಟುವಂತೆಯೂ ಇಲ್ಲ. ಇಬಿಎಫ್1 ಸೇರಿದಂತೆ ಕೆಲವು ಜೀನ್‌ಗಳ ನಂಟು ಗುರುತಿಸಿದ 2017ರ ದೊಡ್ಡ ಅಧ್ಯಯನದಲ್ಲಿದ್ದವರು ಯುರೋಪ್ ಮೂಲದ ಮಹಿಳೆಯರು. ಇನ್ನು 1997ರಲ್ಲಿ ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ನೋಡಿದಾಗ, ಆಫ್ರಿಕಾದಲ್ಲಿ ಹುಟ್ಟಿ ವಲಸೆ ಬಂದ ತಾಯಂದಿರ ಶಿಶುಗಳ ತೂಕ ಅಮೆರಿಕದಲ್ಲೇ ಹುಟ್ಟಿದ ಕಪ್ಪು ತಾಯಂದಿರ ಶಿಶುಗಳಿಗಿಂತ ಬಿಳಿಯರ ಶಿಶುಗಳಿಗೇ ಹತ್ತಿರವಿತ್ತು. ಹೀಗಾಗಿ ಸಂಶೋಧಕರ ಗಮನ ಈಗ ತಾರತಮ್ಯದ ನಿರಂತರ ಒತ್ತಡದ ಮೇಲೂ ಇದೆ; ದೀರ್ಘಕಾಲದ ಒತ್ತಡ ಉರಿಯೂತವನ್ನು ಹೆಚ್ಚಿಸಬಲ್ಲದು.