ಫೌಂಟೆನ್ಸ್ ಮಠದ ಅವಶೇಷಗಳಲ್ಲಿ

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಹಳ್ಳಿಯೊಂದರಲ್ಲಿ ನೆಲೆಸಿರುವ ಮಿತ್ರರ ಆಹ್ವಾನದ ಮೇರೆಗೆ ಕಳೆದ ಬೇಸಿಗೆಯಲ್ಲಿ ಕೆಲವು ದಿನ ಅವರಲ್ಲಿ ತಂಗಿದ್ದೆವು. ಅವರು ನಮ್ಮನ್ನು ಮೊದಲು ಕರೆದೊಯ್ದುದು ರಿಪನ್ ಪಟ್ಟಣದ ಬಳಿ, ಸ್ಕೆಲ್ ಹೊಳೆಯ ದಂಡೆಯಲ್ಲಿರುವ ಫೌಂಟೆನ್ಸ್ ಮಠದ ಅವಶೇಷಗಳಿಗೆ.

ಯಾರ್ಕ್ ನಗರದ ಸೇಂಟ್ ಮೇರಿ ಮಠದ ಆಚಾರಗಳು ಸಡಿಲಗೊಂಡುದನ್ನು ಸಹಿಸದೆ 13 ಮಂದಿ ಸನ್ಯಾಸಿಗಳು 1132ರಲ್ಲಿ ಅಲ್ಲಿಂದ ಹೊರಬಂದರು. ಆರ್ಚ್‌ಬಿಷಪ್ ಥರ್ಸ್ಟನ್ ಅವರಿಗೆ ಈ ನಿರ್ಜನ ಕಣಿವೆಯನ್ನು ದಾನವಿತ್ತನು. ಮೊದಲ ಚಳಿಗಾಲವನ್ನು ಅವರು ಮರದಡಿಯಲ್ಲೇ ಕಳೆದರೆಂದು ಐತಿಹ್ಯವಿದೆ. ಮುಂದೆ ಅವರು ಸಿಸ್ಟರ್ಷಿಯನ್ ಪಂಥವನ್ನು ಸೇರಿದರು. ಮೌನ, ಕೈದುಡಿಮೆ, ಸರಳ ಜೀವನ ಇವು ಆ ಪಂಥದ ನಿಯಮಗಳು.

ಆ ದುಡಿಮೆಯಿಂದಲೇ ಸಂಪತ್ತು ಬೆಳೆಯಿತು. ಮಠದ ಕುರಿಗಳ ಉಣ್ಣೆಯನ್ನು ಇಟಲಿಯ ವರ್ತಕರು ಕೊಳ್ಳತೊಡಗಿದರು. ಉಗ್ರಾಣವೂ ಶ್ರಮಿಕ ಸೋದರರ ಭೋಜನಶಾಲೆಯೂ ಆಗಿದ್ದ ಸುಮಾರು 300 ಅಡಿ ಉದ್ದದ ಕಮಾನುಶಾಲೆ ಇಂದಿಗೂ ನಿಂತಿದೆ. ಎತ್ತರದ ಗೋಪುರಗಳನ್ನು ಪಂಥದ ಆದಿನಿಯಮ ಒಪ್ಪುತ್ತಿರಲಿಲ್ಲ. ಆದರೂ 16ನೆಯ ಶತಮಾನದ ಆರಂಭದಲ್ಲಿ ಮಠಾಧಿಪತಿ ಮಾರ್ಮಡ್ಯೂಕ್ ಹ್ಯೂಬಿ ಸುಮಾರು 160 ಅಡಿಯ ಗೋಪುರವನ್ನು ಕಟ್ಟಿಸಿದನು.

ರೋಮಿನೊಡನೆ ಸಂಬಂಧ ಕಡಿದುಕೊಂಡ ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡನು. 1539ರಲ್ಲಿ ಫೌಂಟೆನ್ಸ್ ಮಠವೂ ಶರಣಾಯಿತು. ಮಾಡಿನ ಸೀಸವನ್ನು ಕಿತ್ತೊಯ್ದರು. ಕಲ್ಲುಗಳು ಮುಂದೆ ಸಮೀಪದ ಸಿರಿವಂತನೊಬ್ಬನ ಸೌಧಕ್ಕೆ ಸಂದವು.

ಅರಸನ ಲೋಭವೇ ಈ ನಾಶಕ್ಕೆ ಕಾರಣವೆಂದರು ಮಿತ್ರರು. ಅದು ನಿಜವೇ. ಆದರೆ ಸರಳತೆಯನ್ನರಸಿ ಒಂದು ಮಠವನ್ನು ತೊರೆದು ಬಂದವರ ಉತ್ತರಾಧಿಕಾರಿಗಳೇ ಎತ್ತಿಸಿದ ಆ ಗೋಪುರವನ್ನು ನೋಡುತ್ತ, ಮಠವೊಂದರ ಹೊಣೆ ಹೊತ್ತ ನಾವು ಬಹಳ ಹೊತ್ತು ಮಾತಿಲ್ಲದೆ ನಿಂತೆವು.