ಕೈದಾಳದ ಗಂಧಲೇಪವೂ ಇಂದಿನ ಬೋಧಕ ಕನ್ನಡಕವೂ

ತುಮಕೂರಿಗೆ ಅನತಿದೂರದಲ್ಲಿರುವ ಕೈದಾಳ ಗ್ರಾಮವನ್ನು ನೋಡದವರು ನಮ್ಮ ವಾಚಕರಲ್ಲಿ ವಿರಳ. ಅಲ್ಲಿಯ ಚೆನ್ನಕೇಶವ ದೇವಾಲಯವು 12ನೆಯ ಶತಮಾನದ ಮಧ್ಯಭಾಗದಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಬಾಚಿದೇವನಿಂದ ನಿರ್ಮಿತವಾದುದು. ಜಕಣಾಚಾರಿಯ ಕಥೆಯಾದರೋ ಜನರ ಬಾಯಲ್ಲಿ ಉಳಿದುಬಂದ ಐತಿಹ್ಯ. ಬೇಲೂರಿನಲ್ಲಿ ಆತನು ಕಡೆದ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು, ಮಗನೆಂದು ಇನ್ನೂ ಗುರುತು ಸಿಕ್ಕದಿದ್ದ ಡಂಕಣನು ನುಡಿದನಂತೆ. ಪರೀಕ್ಷಾರ್ಥವಾಗಿ ವಿಗ್ರಹಕ್ಕೆಲ್ಲ ಗಂಧವನ್ನು ಬಳಿಯಲು, ಎಲ್ಲೆಡೆಯೂ ಲೇಪವು ಒಣಗಿ, ನಾಭಿಯ ಸುತ್ತ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿಯಿಟ್ಟು ತಟ್ಟಿದಾಗ ನೀರೊಡನೆ ಕಪ್ಪೆಯೊಂದು ಹೊರಬಿದ್ದಿತು. ಆಡಿದ ಮಾತಿಗೆ ಕಟ್ಟುಬಿದ್ದ ಜಕಣನು ತನ್ನ ಬಲಗೈಯನ್ನು ಕಡಿದುಕೊಂಡುದೂ, ಬಳಿಕ ಹುಟ್ಟೂರಿನಲ್ಲಿ ಕೇಶವನ ಗುಡಿಯನ್ನು ಕಟ್ಟಿ ಅದನ್ನು ಮರಳಿ ಪಡೆದುದೂ ಎಲ್ಲರೂ ಬಲ್ಲ ಸಂಗತಿ. ಈಗ ನನ್ನ ಲಕ್ಷ್ಯವಿರುವುದು ಆ ಕೈಯ ಮೇಲಲ್ಲ, ಗಂಧದ ಮೇಲೆ. ಬರಿಗಣ್ಣಿಗೆ ತೋರದುದನ್ನು ವಸ್ತುವಿನ ಮೈಮೇಲೆಯೇ ಗುರುತುಮಾಡಿ ತೋರಿಸಿದುದು ಆ ಲೇಪವಷ್ಟೆ.

ಇಂದು ‘ಆಗ್ಮೆಂಟೆಡ್ ರಿಯಾಲಿಟಿ’ ಎಂದೂ ಕನ್ನಡದಲ್ಲಿ ‘ವರ್ಧಿತ ವಾಸ್ತವ’ ಎಂದೂ ಕರೆಯಲ್ಪಡುವ ಉಪಾಯವು ಇಂಥದೇ ಒಂದು ಬೆಳಕಿನ ಲೇಪ. ಕೆಲಸ ಕಲಿಯುವವನು ಕನ್ನಡಕವೊಂದನ್ನು ಧರಿಸಿ ಯಂತ್ರವನ್ನು ನೋಡಿದರೆ, ಯಾವ ತಿರುಪನ್ನು ಮೊದಲು ಬಿಚ್ಚಬೇಕು, ತಂತಿಯನ್ನು ಯಾವ ದಾರಿಯಲ್ಲಿ ಒಯ್ಯಬೇಕು ಎಂಬುದು ಆ ಯಂತ್ರದ ಮೇಲೆಯೇ ಗೆರೆಗಳಾಗಿ ಮೂಡುವುದು. 1968ರಲ್ಲಿ ಅಮೆರಿಕದ ಐವಾನ್ ಸದರ್‌ಲೆಂಡ್ ಅವರು ರಚಿಸಿದ ಶಿರೋಯಂತ್ರವು ಚಾವಣಿಯಿಂದ ತೂಗುಹಾಕಬೇಕಾದಷ್ಟು ಭಾರವಾಗಿದ್ದಿತು. ಅದರಲ್ಲಿ ಕಾಣುತ್ತಿದ್ದುದು ಬರಿಯ ಗೆರೆಯ ಆಕೃತಿಗಳು. ಅದು ಕೈಗೆಲಸದ ಕಡೆಗೆ ತಿರುಗಿದುದು ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ. ವಿಮಾನದೊಳಗೆ ಸೇರತಕ್ಕ ಅಸಂಖ್ಯ ತಂತಿಗಳನ್ನು ದೊಡ್ಡ ಹಲಗೆಗಳ ಮೇಲೆ ಹಾಸಿ ಕಟ್ಟುಗಳನ್ನಾಗಿ ಮಾಡುವುದು ಅಲ್ಲಿಯ ವಾಡಿಕೆ. ವಿಮಾನ ವಿಮಾನಕ್ಕೂ ಕಟ್ಟು ಬೇರೆಯಾಗುವುದರಿಂದ ಹಲಗೆಗಳೂ ಬೇರೆ ಬೇರೆ ಬೇಕಾಗುತ್ತಿದ್ದುವು. ಹಲಗೆಯು ಬರಿದಾಗಿಯೇ ಇರಲಿ, ದಾರಿಯನ್ನು ಕೆಲಸಗಾರನ ಕಣ್ಣ ಮುಂದೆ ಬರೆಯೋಣವೆಂದು ಥಾಮಸ್ ಕಾಡೆಲ್, ಡೇವಿಡ್ ಮಿಝೆಲ್ ಎಂಬುವರು 1992ರಲ್ಲಿ ಪ್ರಬಂಧವೊಂದನ್ನು ಮಂಡಿಸಿದರು. ಉಪಾಯಕ್ಕೆ ಆ ಇಂಗ್ಲಿಷು ಹೆಸರು ಬಂದುದೂ ಕಾಡೆಲ್ ಅವರಿಂದಲೇ. ಮರುವರ್ಷ ಕೊಲಂಬಿಯ ವಿಶ್ವವಿದ್ಯಾಲಯದವರು ಮುದ್ರಣಯಂತ್ರವೊಂದರ ದುರಸ್ತಿಯನ್ನು ಇದೇ ರೀತಿಯಲ್ಲಿ ಕಲಿಸಿ ತೋರಿದರು.

ಇದು ಸಾಗರದಾಚೆಯ ಸಮಾಚಾರವೆಂದು ಸುಮ್ಮನಿರುವ ಹಾಗಿಲ್ಲ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆ ಭೂಮಿಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರು ಕಾರ್ಖಾನೆಗೆ 2016ರಲ್ಲಿ ಶಂಕುಸ್ಥಾಪನೆಯಾಗಿ, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಗುಬ್ಬಿಯೆಂದರೆ 1884ರಲ್ಲಿ ಹುಟ್ಟಿ ವೀರಣ್ಣನವರಿಂದ ನಾಡೆಲ್ಲ ಹೆಸರಾದ ನಾಟಕ ಮಂಡಲಿಯೇ ನನ್ನ ವಯಸ್ಸಿನವರ ಮನಸ್ಸಿಗೆ ಮೊದಲು ಬರುವುದು. ಅಲ್ಲಿಯ ಹುಡುಗರು ಹಿರಿಯ ನಟರ ಮಗ್ಗುಲಲ್ಲೇ ಬೆಳೆದು ವಿದ್ಯೆಯನ್ನು ಕಲಿತರು. ತಂತಿ ಕಟ್ಟುವ, ತಿರುಪು ಬಿಗಿಯುವ ಉದ್ಯೋಗಗಳಿಗೆ ಹೋಗುವ ನಮ್ಮ ಮಕ್ಕಳು ಹಿರಿಯನ ಕೈಯನ್ನು ನೋಡಿ ಕಲಿಯುವರೋ, ಗೆರೆಯನ್ನು ನೋಡಿ ಕಲಿಯುವರೋ ಎಂಬುದು ನಮ್ಮ ಮನೆಗಳ ಪ್ರಶ್ನೆಯೇ ಆಗಿದೆ.

ಗೆರೆಯಿಂದ ಕಲಿಯುವುದು ನಮಗೆ ಹೊಸದೇನೂ ಅಲ್ಲ. ‘ತಿದ್ದು’ ಎಂಬ ನಮ್ಮ ಮಾತನ್ನೇ ನೋಡಿರಿ: ಗುರುವು ಬರೆದ ಅಕ್ಷರದ ಮೇಲೆ ಕೈಯಾಡಿಸುವುದಕ್ಕೂ, ತಪ್ಪನ್ನು ಸರಿಪಡಿಸುವುದಕ್ಕೂ ಅದೊಂದೇ ಶಬ್ದ. ನಾನು ಅಕ್ಷರ ಕಲಿತುದು ಮರಳಿನ ಮೇಲೆ. ಗುರುಗಳು ಮೊದಲು ನನ್ನ ಬೆರಳನ್ನು ಹಿಡಿದು ತಿದ್ದಿಸಿದರು. ಆಮೇಲೆ ತಾವು ಬರೆದುದರ ಮೇಲೆ ತಿದ್ದೆಂದರು. ಕೊನೆಗೆ ಮರಳನ್ನು ಅಂಗೈಯಿಂದ ಒರಸಿ, ‘ಈಗ ಬರಿ’ ಎಂದರು. ಆ ಮೂರನೆಯ ಹೆಜ್ಜೆಯಲ್ಲಿ ನಾನು ಅತ್ತುದು ಇನ್ನೂ ನೆನಪಿದೆ. ನಾನೇ ಉಪಾಧ್ಯಾಯನಾದ ಮೇಲೆ ಕಾಪಿ ಪುಸ್ತಕಗಳನ್ನು ನೋಡುವಾಗ ಒಂದು ವಿಷಯವು ತಪ್ಪದೆ ಕಾಣಬರುತ್ತಿದ್ದಿತು. ಮೇಲ್ಪಂಕ್ತಿಗೆ ಅಂಟಿಕೊಂಡ ಮೊದಲ ಸಾಲು ಮುತ್ತಿನಂತೆ. ಕೆಳಗಿಳಿದಂತೆಲ್ಲ ಅಕ್ಷರಗಳು ಸೊಟ್ಟ.

ಇದಕ್ಕೆ ಶಾಸ್ತ್ರೀಯವಾದ ಪುಷ್ಟಿಯೂ ಉಂಟು. ಅಡಿಗಡಿಗೂ ದೊರೆಯುವ ನೆರವು ಅಭ್ಯಾಸಕಾಲದಲ್ಲಿ ಕೈಯನ್ನು ಸರಿಯಾಗಿ ನಡೆಸಿದರೂ, ಅದನ್ನು ತೆಗೆದ ಬಳಿಕ ವಿದ್ಯೆಯು ನಿಲ್ಲದೆಹೋಗುವುದೆಂದು ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ಪಂಡಿತರು 1984ರಲ್ಲಿ ಪ್ರತಿಪಾದಿಸಿದರು. 1990ರಲ್ಲಿ ವಿನ್‌ಸ್ಟೈನ್ ಮತ್ತು ಶ್ಮಿಟ್ ಇವರು ಸನ್ನೆಗೋಲೊಂದನ್ನು ನಿಯಮಿತ ರೀತಿಯಲ್ಲಿ ಆಡಿಸುವ ಕೆಲಸವನ್ನಿತ್ತು ಪರೀಕ್ಷಿಸಿದರು. ಪ್ರತಿಸಲವೂ ಸರಿತಪ್ಪನ್ನು ತಿಳಿಸಲ್ಪಟ್ಟವರಿಗಿಂತ, ಬರಬರುತ್ತ ಕಡಮೆ ಮಾಡಿ ಅರ್ಧದಷ್ಟು ಸಲ ಮಾತ್ರ ತಿಳಿಸಲ್ಪಟ್ಟವರೇ ನೆರವು ನಿಂತ ಮೇಲೆ ಚೆನ್ನಾಗಿ ಆಡಿಸಿದರು. ಆದಕಾರಣ ಕನ್ನಡಕವನ್ನು ಶಾಲೆಗೆ ತರುವವರು ಅದು ಎಷ್ಟು ಸ್ಪಷ್ಟವಾಗಿ ಗೆರೆಯೆಳೆಯುವುದೆಂದು ಕೇಳಿದರೆ ಸಾಲದು; ಎಷ್ಟು ದಿನಗಳಲ್ಲಿ ಅಳಿಸುವುದೆಂದು ಕೇಳಬೇಕು. ಡಂಕಣನು ದೋಷವನ್ನು ಕಂಡುದು ಗಂಧವನ್ನು ಬಳಿಯುವುದಕ್ಕೆ ಮೊದಲು. ಲೇಪವು ಬೇಕಾದುದು ಕಾಣದಿದ್ದ ಮಿಕ್ಕವರಿಗೆ.

ಇನ್ನೊಂದು ತೊಡಕು. ಟಿಪ್ಪುವಿನ ಕಾಲದಿಂದಲೂ ಅಶ್ವಪಾಲನೆಗೆ ಹೆಸರಾದ ಕುಣಿಗಲ್ ನಮ್ಮ ಸೀಮೆಯದೇ. ಕುದುರೆಗೆ ಲಾಳ ಕಟ್ಟುವವನು ಕಣ್ಣನ್ನಷ್ಟೇ ನಂಬಿ ಕೆಲಸಮಾಡುವುದಿಲ್ಲ. ಮೊಳೆಯು ಗೊರಸಿನ ಗಟ್ಟಿಭಾಗದಲ್ಲಿ ಇಳಿಯುವಾಗಿನ ಸದ್ದು ಒಂದು. ಒಳಗಿನ ಸಚೇತನ ಭಾಗದತ್ತ ಓರೆಯಾದರೆ ಸದ್ದು ಮೆತ್ತಗಾಗುವುದು, ಸುತ್ತಿಗೆಯ ತಡೆಯೂ ಬದಲಾಗುವುದು, ಕುದುರೆಯು ಕಾಲನ್ನು ಸೆಳೆದುಕೊಳ್ಳುವುದು. ಮೊಳೆಯ ಸ್ಥಾನವನ್ನು ಕನ್ನಡಕವು ನನಗಿಂತ ಚೆನ್ನಾಗಿ ತೋರಿಸೀತು. ಸುತ್ತಿಗೆ ಹಿಡಿದ ಮಣಿಕಟ್ಟಿಗೆ ಆ ಮೆತ್ತನೆಯ ಸುದ್ದಿಯನ್ನು ಮುಟ್ಟಿಸುವ ಕೆಲಸವು ಸದ್ಯಕ್ಕೆ ಪಕ್ಕದಲ್ಲಿ ಕುಳಿತ ಮುದುಕನದೇ.